ಕಡಲು ಕಲಿಸುವ ಕೆಚ್ಚು

'ಆತ್ಮವಿಶ್ವಾಸ' ಎಂಬ ಮಾತು ಈಗ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಹದಿನೈದು ಹದಿನಾರರ ಹುಡುಗನೋ ಹುಡುಗಿಯೋ ನಾಲ್ಕು ಜನರ ಮುಂದೆ ನಿಂತು ಮಾತನಾಡಲು ಹಿಂಜರಿದರೆ, ಮಗುವಿಗೆ ಆತ್ಮವಿಶ್ವಾಸ ಸಾಲದೆಂದು ತಾಯಿತಂದೆಗಳು ಪೇಚಾಡುತ್ತಾರೆ. ಮಾತು ಸಂಸ್ಕೃತದ್ದು, ಇಂದಿನ ಅರ್ಥದಲ್ಲಿ ಅದರ ಬಳಕೆ ಅಷ್ಟೇನೂ ಹಳೆಯದಲ್ಲ. ಕನ್ನಡದಲ್ಲಿ ಅದರ ಸಮೀಪಕ್ಕೆ ಬರುವ ಹಳೆಯ ಮಾತುಗಳು ಎರಡಿವೆ: ನೆಚ್ಚು ಮತ್ತು ಕೆಚ್ಚು. ನೆಚ್ಚು ಎಂದರೆ ನಂಬಿಕೆ, ಭರವಸೆ. ಕೆಚ್ಚು ಎಂದರೆ ಧೈರ್ಯ. ಮರದ ಒಳಗಿನ ಗಟ್ಟಿಯಾದ ತಿರುಳಿಗೂ ಅದೇ ಹೆಸರು. ಬಡಗಿಯು ತೊಲೆಗೆ ಮರವನ್ನು ಆರಿಸುವಾಗ ಮೊದಲು ನೋಡುವುದು ಅದರ ಕೆಚ್ಚನ್ನು. ಹೊರಗಿನಿಂದ ಬಣ್ಣ ಬಳಿದು ಅದನ್ನು ತರಲಾಗುವುದಿಲ್ಲ. ಮರ ಮಳೆಗಾಳಿಗೆ ಮೈಯೊಡ್ಡಿ ನಿಂತು, ವರ್ಷ ವರ್ಷವೂ ತನ್ನೊಳಗೆ ತಾನೇ ಅದನ್ನು ಕಟ್ಟಿಕೊಳ್ಳಬೇಕು.

ಎಳೆಯರಲ್ಲಿ ಈ ಕೆಚ್ಚು ಮೂಡುವುದು ಹೇಗೆ? ನಾವು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು. ಒಂದು ಹೊಗಳಿಕೆ, ಇನ್ನೊಂದು ಉಪದೇಶ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಲೇಜಿನಲ್ಲಿ ಪಾಠ ಹೇಳಿದವನಾಗಿ ಎರಡರ ಫಲವನ್ನೂ ನಾನು ಕಂಡಿದ್ದೇನೆ. ಹೊಗಳಿಕೆ ಪರೀಕ್ಷೆಯ ಕೊಠಡಿಯ ಬಾಗಿಲವರೆಗೆ ಜೊತೆಗೆ ಬರುತ್ತದೆ. ಉಪದೇಶ ಅಷ್ಟು ದೂರವೂ ಬರುವುದಿಲ್ಲ. ಮೂರನೆಯ ದಾರಿಯೊಂದನ್ನು ಪಶ್ಚಿಮದ ಕೆಲವು ದೇಶಗಳವರು ಎಂಬತ್ತು ವರ್ಷಗಳಿಂದ ಪ್ರಯೋಗಿಸಿ ನೋಡುತ್ತಿದ್ದಾರೆ. ಹದಿಹರೆಯದವರನ್ನು ಕೆಲವು ದಿನ ಅಥವಾ ಕೆಲವು ವಾರ ಹಾಯಿಹಡಗಿನಲ್ಲಿ ಕಡಲಿಗೆ ಕರೆದೊಯ್ಯುವುದೇ ಆ ದಾರಿ. ಅವರನ್ನು ಕರೆದೊಯ್ಯುವುದು ನಾವಿಕರನ್ನಾಗಿ ಮಾಡುವುದಕ್ಕಲ್ಲ. ಮರಳಿ ಬಂದು ಅವರು ಗುಮಾಸ್ತರಾಗಬಹುದು, ದಾದಿಯರಾಗಬಹುದು, ಅಂಗಡಿ ಇಡಬಹುದು. ಹಾಗಾದರೆ ಹಡಗೇಕೆ, ಕಡಲೇಕೆ? ಈ ಪ್ರಶ್ನೆಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಅನೇಕ ವೇಳೆ ಶಿಕ್ಷಣತಜ್ಞರು ತಡವಾಗಿ ಕಾಣುವುದನ್ನು ಕತೆಗಾರರು ಮುಂಚೆಯೇ ಕಂಡಿರುತ್ತಾರೆ. ರಡ್ಯರ್ಡ್ ಕಿಪ್ಲಿಂಗ್ 1897ರಲ್ಲಿ 'ಕ್ಯಾಪ್ಟನ್ಸ್ ಕರೇಜಿಯಸ್' ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದರ ನಾಯಕ ಹಾರ್ವೆ ಚೇನ್, ಹದಿನೈದರ ಹುಡುಗ, ಅಮೆರಿಕದ ರೈಲ್ವೆ ಕೋಟ್ಯಧಿಪತಿಯೊಬ್ಬನ ಒಬ್ಬನೇ ಮಗ. ಕೇಳಿದ್ದೆಲ್ಲ ಕೈಗೆ ಬಂದು, ತಾಯಿಯ ಮುದ್ದಿನಲ್ಲಿ ಕೆಟ್ಟವನು. ದೊಡ್ಡ ಪ್ರಯಾಣಿಕ ಹಡಗಿನಿಂದ ಅವನು ಅಟ್ಲಾಂಟಿಕ್ ಸಾಗರಕ್ಕೆ ಬೀಳುತ್ತಾನೆ. ಮೀನುಗಾರನೊಬ್ಬನು ಅವನನ್ನು ಎತ್ತಿಕೊಂಡು ತಮ್ಮ ಹಾಯಿಹಡಗಿಗೆ ಒಯ್ಯುತ್ತಾನೆ. ತನ್ನ ತಂದೆಯ ಐಶ್ವರ್ಯವನ್ನು ಹುಡುಗ ಎಷ್ಟು ಬಣ್ಣಿಸಿದರೂ ಅಲ್ಲಿ ಯಾರೂ ನಂಬುವುದಿಲ್ಲ. ಮೀನಿನ ಕಾಲ ಮುಗಿಯುವವರೆಗೆ ಹಡಗು ಊರಿಗೆ ತಿರುಗುವುದಿಲ್ಲ. ಅಲ್ಲಿಯವರೆಗೆ ತಿಂಗಳಿಗೆ ಹತ್ತೂವರೆ ಡಾಲರ್ ಸಂಬಳಕ್ಕೆ ಅವನು ದುಡಿಯಬೇಕು. ಮೀನು ಸೀಳುತ್ತ, ಉಪ್ಪು ಹೊರುತ್ತ, ಪಹರೆ ನಿಲ್ಲುತ್ತ ಆ ಹುಡುಗ ಬೇರೆಯೇ ಒಬ್ಬನಾಗುತ್ತಾನೆ. ಕತೆಯಲ್ಲಿ ಗಮನಿಸಬೇಕಾದ ಅಂಶವೆಂದರೆ ಹಡಗಿನ ಯಜಮಾನನಿಗೆ ಹುಡುಗನನ್ನು ತಿದ್ದುವ ಉದ್ದೇಶವೇನೂ ಇರುವುದಿಲ್ಲ. ಹಡಗಿನಲ್ಲಿ ಕೆಲಸವಿದೆ, ಮಾಡಲು ಕೈ ಬೇಕು. ಅಷ್ಟೆ. ಹುಡುಗನನ್ನು ತಿದ್ದಿದ್ದು ಆ ಅಗತ್ಯ.

ಕತೆಯಲ್ಲಿ ಆಕಸ್ಮಿಕವಾಗಿ ಒದಗಿದ್ದನ್ನು ವಿದ್ಯಾಭ್ಯಾಸದ ಕ್ರಮವನ್ನಾಗಿ ರೂಪಿಸಿದವರಲ್ಲಿ ಮುಖ್ಯರು ಕುರ್ಟ್ ಹಾನ್. ಇವರು 1886ರಲ್ಲಿ ಬರ್ಲಿನ್ನಿನ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ಮೊದಲನೆಯ ಮಹಾಯುದ್ಧದ ತರುವಾಯ, 1920ರಲ್ಲಿ, ದಕ್ಷಿಣ ಜರ್ಮನಿಯ ಸಾಲೆಂ ಎಂಬಲ್ಲಿ ಶಾಲೆಯೊಂದನ್ನು ತೆರೆದರು. 1932ರಲ್ಲಿ ನಾತ್ಸಿ ಪಕ್ಷದ ಕೆಲವರು ಒಬ್ಬ ಕಾರ್ಮಿಕನನ್ನು ಅವನ ತಾಯಿಯ ಕಣ್ಣೆದುರಿಗೇ ತುಳಿದು ಕೊಂದರು. ಆ ಕೊಲೆಗಾರರ ಪರವಾಗಿ ಹಿಟ್ಲರನು ಬಹಿರಂಗವಾಗಿಯೇ ನಿಂತಾಗ ಹಾನ್ ಸುಮ್ಮನಿರಲಿಲ್ಲ. ಸಾಲೆಂ ಬೇಕೋ ಹಿಟ್ಲರ್ ಬೇಕೋ ಆರಿಸಿಕೊಳ್ಳಿರೆಂದು ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದರು. ಮರುವರ್ಷ ಹಿಟ್ಲರನು ಅಧಿಕಾರಕ್ಕೆ ಬರುತ್ತಲೇ ಸೆರೆಮನೆ ಸೇರಿದರು. ಬ್ರಿಟನ್ನಿನ ಸ್ನೇಹಿತರ ಪ್ರಯತ್ನದಿಂದ ಬಿಡುಗಡೆ ಹೊಂದಿ ಆ ದೇಶಕ್ಕೆ ಬಂದು, 1934ರಲ್ಲಿ ಸ್ಕಾಟ್ಲೆಂಡಿನ ಉತ್ತರ ತೀರದಲ್ಲಿ ಗಾರ್ಡನ್‌ಸ್ಟೌನ್ ಶಾಲೆಯನ್ನು ಸ್ಥಾಪಿಸಿದರು. ಶಾಲೆಗೆ ಸಮೀಪದ ಪುಟ್ಟ ಬಂದರಿನಲ್ಲಿ ಹುಡುಗರು ಹಾಯಿ ಏರಿಸುವುದನ್ನು ಕಲಿತರು. ಮುಂದೆ ಎಲಿಜಬೆತ್ ರಾಣಿಯ ಪತಿಯಾದ ಫಿಲಿಪ್ ಅಲ್ಲಿನ ಮೊದಮೊದಲ ವಿದ್ಯಾರ್ಥಿಗಳಲ್ಲೊಬ್ಬರು.

ತಮ್ಮ ಕಾಲದ ಎಳೆಯರಲ್ಲಿ ಹಾನ್ ಅವರು ಹಲವು ಕುಂದುಗಳನ್ನು ಕಂಡಿದ್ದರು. ವಾಹನಗಳು ಹೆಚ್ಚಿ ಮೈಯ ಕಸುವು ಕುಗ್ಗಿತ್ತು. ಇತರರ ಆಟವನ್ನು ನೋಡುವ ಚಟದಿಂದ ಸ್ವಂತ ಸಾಹಸ ಕುಗ್ಗಿತ್ತು. ಕೈಕಸುಬಿನ ಅಚ್ಚುಕಟ್ಟುತನ ಮರೆಯಾಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಬದುಕಿನ ಅವಸರದಲ್ಲಿ ಕರುಣೆ ಬತ್ತುತ್ತಿತ್ತು. ಈ ಪಟ್ಟಿಯನ್ನು ಇಂದು ಓದಿದವರು ಇದು ನಿನ್ನೆ ಬರೆದದ್ದೆಂದು ಭ್ರಮಿಸಿಯಾರು. ಎಳೆಯರ ತಲೆಗೆ ನಮ್ಮ ಅಭಿಪ್ರಾಯಗಳನ್ನು ತುರುಕುವುದು ಅನ್ಯಾಯ. ಆದರೆ ಅವರನ್ನು ಅನುಭವಗಳಿಗೆ ಒಡ್ಡದೆ ಬಿಡುವುದು ಕರ್ತವ್ಯಲೋಪ. ಇದು ಅವರ ನಿಲುವು.

ಎರಡನೆಯ ಮಹಾಯುದ್ಧದಲ್ಲಿ ಅವರ ಶಾಲೆಯ ಕಟ್ಟಡಗಳನ್ನು ಸೈನ್ಯ ವಹಿಸಿಕೊಂಡಿತು. ಶಾಲೆ ವೇಲ್ಸ್ ಪ್ರಾಂತಕ್ಕೆ ವಲಸೆ ಹೋಯಿತು. ಅಲ್ಲಿ ಹಾನ್ ಅವರಿಗೆ ಜೊತೆಯಾದವರು ಲಾರೆನ್ಸ್ ಹೋಲ್ಟ್ ಎಂಬ ಲಿವರ್‌ಪೂಲಿನ ಹಡಗು ಉದ್ಯಮಿ. ಅವರ ಬ್ಲೂ ಫನಲ್ ಸಂಸ್ಥೆಯ ಹಡಗುಗಳಿಗೆ ಅಕಿಲೀಸ್, ಅಗಮೆಮ್ನಾನ್, ಅಜಾಕ್ಸ್ ಎಂದು ಹೋಮರನ ಕಾವ್ಯದ ವೀರರ ಹೆಸರುಗಳಿದ್ದವು. ಆ ವೀರನಾಮದ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸುತ್ತಿದ್ದವು. ಮುಳುಗಿದ ಹಡಗುಗಳಿಂದ ತೆರೆದ ದೋಣಿಗಳಿಗೆ ಇಳಿದವರ ವಿಷಯವಾಗಿ ಹೋಲ್ಟ್ ಅವರಿಗೆ ಬಂದ ಸುದ್ದಿ ವಿಚಿತ್ರವಾಗಿತ್ತು. ಮೈಯಲ್ಲಿ ಕಸುವಿದ್ದ ಯುವಕರು ಬೇಗ ಕೈಚೆಲ್ಲುತ್ತಿದ್ದರು. ಹಾಯಿಹಡಗಿನ ಕಾಲದಲ್ಲಿ ಪಳಗಿದ ನಡುವಯಸ್ಸು ದಾಟಿದವರು ತಾಳಿಕೊಂಡು ಬದುಕುಳಿಯುತ್ತಿದ್ದರು. ಯುವಕರಿಗೆ ಯಂತ್ರದ ತಿಳಿವಳಿಕೆಯೇನೋ ಇತ್ತು. ಆದರೆ ಉಪ್ಪುನೀರು ಮುಖಕ್ಕೆ ರಾಚಿದ ಅನುಭವವಿರಲಿಲ್ಲ. ತಮ್ಮ ಮೇಲೂ ಪಕ್ಕದಲ್ಲಿ ಕುಳಿತವರ ಮೇಲೂ ನೆಚ್ಚು ಇರಲಿಲ್ಲ. ಕೊರತೆ ಇರುವುದು ಮೈಯಲ್ಲಲ್ಲ, ಮನಸ್ಸಿನಲ್ಲಿ ಎಂದು ಹೋಲ್ಟ್ ಅವರಿಗೆ ದೃಢವಾಯಿತು.

ಹೀಗೆ 1941ರ ಅಕ್ಟೋಬರಿನಲ್ಲಿ, ವೇಲ್ಸಿನ ಪಶ್ಚಿಮ ತೀರದ ಅಬರ್‌ಡವಿ ಎಂಬ ಸಣ್ಣ ಊರಿನಲ್ಲಿ 'ಔಟ್‌ವರ್ಡ್ ಬೌಂಡ್' ಕಡಲ ಶಾಲೆ ಆರಂಭವಾಯಿತು. ಬಂದರು ಬಿಟ್ಟು ಹೊರಗಡಲಿಗೆ ಹೊರಟ ಹಡಗನ್ನು ಕುರಿತು ನಾವಿಕರು ಹೇಳುವ ಮಾತೇ ಆ ಹೆಸರು. ಅದನ್ನು ಸೂಚಿಸಿದವರು ಹೋಲ್ಟ್. ಶಿಕ್ಷಣದ ಅವಧಿ ಸುಮಾರು ನಾಲ್ಕು ವಾರ. ಹಡಗಿನ ಕೆಲಸಕ್ಕೆ ಸೇರಿದ ಹುಡುಗರ ಜೊತೆಗೆ ಕಾರ್ಖಾನೆಯ ಹುಡುಗರು, ಪೋಲೀಸು ಇಲಾಖೆಗೆ ಸೇರಲಿದ್ದವರು, ಸಿರಿವಂತರ ಶಾಲೆಗಳ ವಿದ್ಯಾರ್ಥಿಗಳು ಎಲ್ಲರೂ ಒಂದೇ ತಂಡದಲ್ಲಿ ಕೂಡಿದರು. ಈ ಶಾಲೆ ಕಡಲಿಗಾಗಿ ಕೊಡುವ ಶಿಕ್ಷಣವಲ್ಲ, ಕಡಲಿನ ಮೂಲಕ ಕೊಡುವ ಶಿಕ್ಷಣ ಎಂದು ಹೋಲ್ಟ್ ವಿವರಿಸಿದರು. ಮುಂದೆ ಬಂದ ಇಂಥ ಪ್ರಯತ್ನಗಳಿಗೆಲ್ಲ ಈ ಮಾತೇ ಸೂತ್ರವಾಯಿತು.

ಕಡಲಿನ ಮೂಲಕ ಎಂದರೇನು? ಇದು ತಿಳಿಯಬೇಕಾದರೆ ಹಡಗಿನ ದಿನಚರಿಯನ್ನು ಸ್ವಲ್ಪ ನೋಡಬೇಕು. ರಾತ್ರಿಯಾಯಿತೆಂದು ಹಾಯಿಹಡಗು ನಡುಗಡಲಿನಲ್ಲಿ ನಿಲ್ಲುವಂತಿಲ್ಲ. ಲಂಗರು ನೆಲ ಮುಟ್ಟದಷ್ಟು ಆಳ ಅಲ್ಲಿ. ಗಾಳಿಗೆ ಹಗಲಿರುಳೆಂಬ ಭೇದವಿಲ್ಲ. ಆದ್ದರಿಂದ ಹಡಗಿನಲ್ಲಿ ಯಾರಾದರೂ ಸದಾ ಎಚ್ಚರದಿಂದಿರಬೇಕು. ಜನರನ್ನು ಎರಡು ಅಥವಾ ಮೂರು ತಂಡಗಳಾಗಿ ಹಂಚಿ ನಾಲ್ಕು ನಾಲ್ಕು ಗಂಟೆಯ ಪಾಳಿ ಗೊತ್ತುಮಾಡುತ್ತಾರೆ. ಎರಡು ತಂಡಗಳಿದ್ದರೆ ಆರು ಪಾಳಿಗಳ ದಿನದಲ್ಲಿ ಒಂದೇ ತಂಡಕ್ಕೆ ಪ್ರತಿ ರಾತ್ರಿಯೂ ನಡುರಾತ್ರಿಯ ಪಾಳಿ ಬೀಳುತ್ತದೆ. ಇದನ್ನು ತಪ್ಪಿಸಲು ಹಳೆಯ ನಾವಿಕರು ಸೊಗಸಾದ ಉಪಾಯವೊಂದನ್ನು ಕಂಡುಕೊಂಡಿದ್ದಾರೆ. ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಮಾತ್ರ ಎರಡೆರಡು ಗಂಟೆಯ ಎರಡು ತುಂಡುಗಳಾಗಿ ಒಡೆಯುತ್ತಾರೆ. ಆಗ ದಿನಕ್ಕೆ ಏಳು ಪಾಳಿಗಳಾಗಿ ಸರದಿ ತಾನಾಗಿಯೇ ಬದಲಾಗುತ್ತದೆ. ಕಷ್ಟದ ಹೊತ್ತು ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಸಮಪಾಲೆಂಬುದನ್ನು ಪುಸ್ತಕದಲ್ಲಿ ಓದಿದ ಹುಡುಗ ಇಲ್ಲಿ ಅದನ್ನು ತನ್ನ ನಿದ್ದೆಯಲ್ಲಿಯೇ ಅಳೆದು ತಿಳಿಯುತ್ತಾನೆ.

ಮೊದಲ ಒಂದೆರಡು ದಿನ ಹೆಚ್ಚಿನವರಿಗೆ ಕಡಲ ಬೇನೆ. ಹೊಟ್ಟೆ ತೊಳಸಿ, ತಲೆ ಸುತ್ತಿ, ಮನೆಯ ನೆನಪಾಗಿ ಕಣ್ಣೀರೂ ಬರುತ್ತದೆ. ಶ್ರೀಮಂತನ ಮಗ, ಬಡವನ ಮಗ, ತರಗತಿಯ ಮೊದಲಿಗ, ಕೊನೆಯವ ಎಲ್ಲರನ್ನೂ ಕಡಲು ಒಂದೇ ಸಾಲಿನಲ್ಲಿ ಹಡಗಿನ ಅಂಚಿಗೆ ತಂದು ನಿಲ್ಲಿಸುತ್ತದೆ. ಆದರೂ ಏಳುವಷ್ಟು ಶಕ್ತಿಯುಳ್ಳವರು ಪಾಳಿಗೆ ಏಳಬೇಕು. ತಾನು ಏಳದಿದ್ದರೆ ಆಗಲೇ ನಾಲ್ಕು ಗಂಟೆ ಚಳಿಯಲ್ಲಿ ನಿಂತವನು ಇನ್ನೂ ನಿಲ್ಲಬೇಕಾಗುತ್ತದೆಂಬುದು ಹುಡುಗನಿಗೆ ಗೊತ್ತು. ಎದ್ದವನಿಗೆ ಬಿಡುವಿಲ್ಲದ ಕೆಲಸ. ದೊಡ್ಡ ಹಾಯಿಯೊಂದನ್ನು ಏರಿಸಲು ಹತ್ತಾರು ಕೈಗಳು ಒಂದೇ ಲಯದಲ್ಲಿ ಹಗ್ಗ ಜಗ್ಗಬೇಕು. ಒಬ್ಬನ ತೋಳ್ಬಲ ಎಷ್ಟಿದ್ದರೂ ಅಲ್ಲಿ ಸಾಲದು. ನೂರಾರು ಹಗ್ಗಗಳಲ್ಲಿ ಯಾವುದು ಯಾವುದೆಂಬುದನ್ನು ಕತ್ತಲೆಯಲ್ಲಿ ಕೈಯ ಸ್ಪರ್ಶದಿಂದಲೇ ಗುರುತಿಸಬೇಕು. ಕೂವೆಮರ ಹತ್ತುವಾಗ ಒಂದು ಕೈ ನಿನಗೆ, ಒಂದು ಕೈ ಹಡಗಿಗೆ ಎಂಬುದು ನಾವಿಕರ ಹಳೆಯ ನಿಯಮ. ಒಂದು ಕೈಯಿಂದ ತನ್ನನ್ನು ಕಾಪಾಡಿಕೊಳ್ಳುತ್ತಲೇ ಇನ್ನೊಂದರಿಂದ ಎಲ್ಲರ ಕೆಲಸ ಮಾಡುವ ಈ ಲೆಕ್ಕವನ್ನು ಹದಿಹರೆಯದಲ್ಲಿ ಕಲಿತವನು ಸ್ವಾರ್ಥಿಯೂ ಆಗಲಾರ, ಹುಂಬನೂ ಆಗಲಾರ.

ಯಂತ್ರದ ದೋಣಿಯಲ್ಲಿ ಇಷ್ಟೆಲ್ಲ ಇಲ್ಲ. ಗುಂಡಿಯೊತ್ತಿದರೆ ಅದು ಹೋಗುತ್ತದೆ. ಹಾಯಿಯಾದರೆ ಗಾಳಿಯೊಡನೆ ಒಪ್ಪಂದ ಮಾಡಿಕೊಂಡೇ ಸಾಗಬೇಕು. ಎದುರುಗಾಳಿಯಲ್ಲಿ ಅದು ನೇರವಾಗಿ ಮುಂದೆ ಹೋಗಲಾರದು. ಹಾಗೆಂದು ಹಿಂದಿರುಗಬೇಕಾಗಿಯೂ ಇಲ್ಲ. ಗಾಳಿಗೆ ಓರೆಯಾಗಿ ಸ್ವಲ್ಪ ದೂರ ಬಲಕ್ಕೆ, ಮತ್ತೆ ಹಾಯಿ ತಿರುಗಿಸಿ ಅಷ್ಟೇ ದೂರ ಎಡಕ್ಕೆ, ಹೀಗೆ ಅಂಕುಡೊಂಕಾಗಿ ಹಾವಿನಂತೆ ಹರಿದು ತನ್ನ ವಿರುದ್ಧ ಬೀಸುವ ಗಾಳಿಯ ಬಲದಿಂದಲೇ ಗುರಿ ಸೇರುತ್ತದೆ. ಗಾಳಿ ಯಾರನ್ನೂ ಹೊಗಳುವುದಿಲ್ಲ, ಯಾರ ಮೇಲೂ ಮುನಿಯುವುದಿಲ್ಲ. ಹಾಯಿಯನ್ನು ಸರಿಯಾದ ಕೋನಕ್ಕೆ ಹಿಡಿದರೆ ಹಡಗು ಮುಂದಕ್ಕೆ ಸಾಗುತ್ತದೆ. ತಪ್ಪಿದರೆ ಹಾಯಿ ಪಟಪಟನೆ ಬಡಿದುಕೊಂಡು ಅಲ್ಲಿಯೇ ತಪ್ಪನ್ನು ತೋರಿಸುತ್ತದೆ. ಅಂಕ ಕೊಡುವ ಮೇಷ್ಟರ ಮೇಲೆ ಹುಡುಗನಿಗೆ ಅನುಮಾನವಿರಬಹುದು. ಗಾಳಿಯ ಮೇಲೆ ಇರಲಾರದು.

ಇನ್ನು ರಾತ್ರಿಯ ಪಾಳಿ. ನಡುರಾತ್ರಿ ಕಳೆದಿದೆ. ಹದಿನಾರರ ಹುಡುಗಿಯೊಬ್ಬಳು ಚುಕ್ಕಾಣಿಯ ಚಕ್ರ ಹಿಡಿದು ನಿಂತಿದ್ದಾಳೆ ಎಂದುಕೊಳ್ಳಿ. ದಿಕ್ಸೂಚಿಯ ಮೇಲೊಂದು ಮಂದವಾದ ದೀಪ, ಸುತ್ತಲೂ ಕತ್ತಲೆ. ಅನುಭವಿಯಾದ ಅಧಿಕಾರಿಯೊಬ್ಬರು ಹತ್ತಿರದಲ್ಲಿಯೇ ಇದ್ದಾರೆ. ಆದರೆ ಚಕ್ರ ಇರುವುದು ಅವಳ ಕೈಯಲ್ಲಿ. ಕೆಳಗಿನ ಅಂತಸ್ತಿನಲ್ಲಿ ಮೂವತ್ತು ನಲವತ್ತು ಜನ ಮಲಗಿದ್ದಾರೆ. ಆ ಬೆಳಗ್ಗೆ ಅವಳೊಡನೆ ಜಗಳವಾಡಿದವನಿದ್ದಾನೆ, ಅವಳ ಹೆಸರನ್ನೂ ಸರಿಯಾಗಿ ತಿಳಿಯದವರಿದ್ದಾರೆ. ಅವರೆಲ್ಲ ನೆಮ್ಮದಿಯಾಗಿ ನಿದ್ರಿಸುತ್ತಿದ್ದಾರೆ, ಏಕೆಂದರೆ ಮೇಲೆ ಎಚ್ಚರವಾಗಿರುವವರನ್ನು ಅವರು ನಂಬಿದ್ದಾರೆ. ಅವಳನ್ನು ಯಾರೂ ಹೊಗಳಲಿಲ್ಲ, ನೀನು ಧೈರ್ಯಶಾಲಿ ಎಂದು ಯಾರೂ ಹೇಳಲಿಲ್ಲ. ಸುಮ್ಮನೆ ಅವಳ ಕೈಗೆ ಹಡಗನ್ನು ಕೊಟ್ಟು ಮಲಗಿದರು. ಹದಿಹರೆಯದ ಮನಸ್ಸಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಇನ್ನೊಂದಿಲ್ಲವೆಂದು ನನ್ನ ಎಣಿಕೆ. ತನ್ನಲ್ಲಿ ತನಗೆ ನಂಬಿಕೆ ಹುಟ್ಟುವ ಮೊದಲು ಮತ್ತೊಬ್ಬರು ನಮ್ಮನ್ನು ನಂಬಬೇಕು. ಬಾಯಿಮಾತಿನಲ್ಲಿ ನಂಬಿದರೆ ಸಾಲದು, ತಮ್ಮ ಪ್ರಾಣವನ್ನಿಟ್ಟು ನಂಬಬೇಕು. ಕೆಚ್ಚಿನ ಬೇರು ನೆಚ್ಚಿನಲ್ಲಿದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಯುದ್ಧಾನಂತರ ಈ ಕಲ್ಪನೆ ಬಹಳ ದೂರ ಹರಡಿತು. ಹಾಯಿಹಡಗುಗಳ ಯುಗ ಮುಗಿಯಿತೆಂದು ಎಲ್ಲರೂ ನಿಟ್ಟುಸಿರಿಡುತ್ತಿದ್ದ ಕಾಲದಲ್ಲಿ, ಅವುಗಳಿಗೊಂದು ಕೊನೆಯ ನಮಸ್ಕಾರವೆಂಬಂತೆ, 1956ರಲ್ಲಿ ಇಂಗ್ಲೆಂಡಿನ ಟಾರ್ಬೇಯಿಂದ ಪೋರ್ಚುಗಲ್ಲಿನ ಲಿಸ್ಬನ್ನಿಗೆ ತರಬೇತಿ ಹಡಗುಗಳ ಪಂದ್ಯವೊಂದು ನಡೆಯಿತು. ಸುಮಾರು ಇಪ್ಪತ್ತು ಹಡಗುಗಳು ಸೇರಿದವು. ವಿದಾಯವಾಗಬೇಕಿದ್ದದ್ದು ಹೊಸದೊಂದರ ಆರಂಭವಾಯಿತು. ಆ ಪಂದ್ಯಗಳು ಇಂದಿಗೂ ನಡೆಯುತ್ತಿವೆ. ಹಡಗಿನ ಜನರಲ್ಲಿ ಅರ್ಧದಷ್ಟಾದರೂ ಹದಿನೈದರಿಂದ ಇಪ್ಪತ್ತೈದು ವಯಸ್ಸಿನವರಿರಬೇಕೆಂಬುದು ಅಲ್ಲಿನ ನಿಯಮ. 1966ರಲ್ಲಿ 'ಸರ್ ವಿನ್‌ಸ್ಟನ್ ಚರ್ಚಿಲ್', 1968ರಲ್ಲಿ 'ಮಾಲ್ಕಂ ಮಿಲ್ಲರ್' ಎಂಬ ಮೂರು ಕೂವೆಮರಗಳ ಹಡಗುಗಳನ್ನು ಎಳೆಯರಿಗಾಗಿಯೇ ಬ್ರಿಟನ್ನಿನಲ್ಲಿ ಕಟ್ಟಿದರು. ಪ್ರತಿ ಯಾನದಲ್ಲಿ ಸುಮಾರು ನಲವತ್ತು ಹುಡುಗರನ್ನು ಇಲ್ಲವೆ ಹುಡುಗಿಯರನ್ನು ಹೊತ್ತು ಅವು ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದವು. ಪಂದ್ಯದ ಅತ್ಯುನ್ನತ ಬಹುಮಾನ ವೇಗಕ್ಕಲ್ಲ; ದೇಶದೇಶಗಳ ನಡುವೆ ಸ್ನೇಹ ಬೆಳೆಸುವುದರಲ್ಲಿ ಮುಂದಾದ ಹಡಗಿಗೆ, ಎಲ್ಲ ಹಡಗುಗಳವರೂ ಸೇರಿ ಆರಿಸಿ ಕೊಡುವಂಥದು. ಶೀತಲ ಸಮರದ ನಡುವೆ, 1974ರಲ್ಲಿ, ಆ ಬಹುಮಾನ ಸೋವಿಯತ್ ಒಕ್ಕೂಟದ 'ಕ್ರುಜೆನ್‌ಷ್ಟೆರ್ನ್' ಹಡಗಿಗೆ ಸಂದಿತು. ದೊಡ್ಡವರು ಕ್ಷಿಪಣಿಗಳನ್ನು ಎಣಿಸುತ್ತಿದ್ದಾಗ ಚಿಕ್ಕವರು ಒಬ್ಬರಿಗೊಬ್ಬರು ಹಗ್ಗದ ಗಂಟುಗಳನ್ನು ಕಲಿಸುತ್ತಿದ್ದರು.

ಈ ಎಲ್ಲ ಪ್ರಯತ್ನಗಳಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು ಇನ್ನೊಂದಿದೆ. ಎಲೆನ್ ಮ್ಯಾಕ್‌ಆರ್ಥರ್ ಎಂಬ ಇಂಗ್ಲಿಷ್ ತರುಣಿ 2005ರಲ್ಲಿ ಒಬ್ಬಳೇ, ಎಲ್ಲಿಯೂ ನಿಲ್ಲದೆ, 71 ದಿನಗಳಲ್ಲಿ ಹಾಯಿದೋಣಿಯಿಂದ ಭೂಮಂಡಲವನ್ನು ಸುತ್ತಿ ಆ ಕಾಲದ ದಾಖಲೆಯನ್ನು ಮುರಿದಳು. ಅದಕ್ಕೂ ಎರಡು ವರ್ಷ ಮೊದಲು, 2003ರಲ್ಲಿ, ಕ್ಯಾನ್ಸರ್ ರೋಗಕ್ಕೆ ಚಿಕಿತ್ಸೆ ಪಡೆದ ಎಳೆಯರನ್ನು ಹಾಯಿದೋಣಿಗಳಲ್ಲಿ ಕರೆದೊಯ್ಯುವ ಧರ್ಮಸಂಸ್ಥೆಯೊಂದನ್ನು ಆಕೆ ಆರಂಭಿಸಿದ್ದಳು. ರೋಗ ವಾಸಿಯಾದ ಮೇಲೂ ಮಗು ಮೊದಲಿನಂತಾಗುವುದು ಸುಲಭವಲ್ಲ. ಕೂದಲು ಉದುರಿ, ಶಾಲೆ ತಪ್ಪಿ, ಜೊತೆಯವರು ಮುಂದೆ ಹೋಗಿರುತ್ತಾರೆ. ಇದಕ್ಕಿಂತ ಸೂಕ್ಷ್ಮವಾದ ನಷ್ಟವೊಂದಿದೆ. ತಿಂಗಳುಗಟ್ಟಲೆ ಎಲ್ಲರೂ ಆ ಮಗುವಿಗಾಗಿ ಮಾಡುತ್ತಾರೆ. ಆ ಮಗು ಯಾರಿಗಾಗಿಯೂ ಏನನ್ನೂ ಮಾಡುವಂತಿಲ್ಲ. ನೀರು ತಂದುಕೊಡಲು ಒಬ್ಬರು, ದಿಂಬು ಸರಿಮಾಡಲು ಒಬ್ಬರು. ಪ್ರೀತಿಯಿಂದಲೇ ಅದರ ಕೈಗಳನ್ನು ಕಟ್ಟಿಹಾಕಿರುತ್ತಾರೆ. ದೋಣಿಯ ಮೇಲೆ ಆ ಕಟ್ಟು ಬಿಚ್ಚುತ್ತದೆ. ಚುಕ್ಕಾಣಿ ಹಿಡಿಯುವುದಾಗಲಿ, ಹಗ್ಗ ಎಳೆಯುವುದಾಗಲಿ, ಎಲ್ಲರಿಗೂ ಚಹಾ ಕಾಯಿಸುವುದಾಗಲಿ, ಮಗುವಿನ ಕೈಗೆ ಒಂದು ಕೆಲಸ ಬರುತ್ತದೆ. ಪಕ್ಕದಲ್ಲಿ ಕುಳಿತವರೂ ಅದೇ ರೋಗವನ್ನು ದಾಟಿ ಬಂದವರಾದ್ದರಿಂದ ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಕೆಲವೇ ದಿನಗಳ ಯಾನ ಅದು. ಆದರೆ 'ರೋಗಿ' ಎಂಬ ಹೆಸರನ್ನು ಕಳಚಿ 'ನಾವಿಕ' ಎಂಬ ಹೆಸರನ್ನು ತೊಡಲು ಕೆಲವು ದಿನಗಳೇ ಸಾಕಾಗುತ್ತವೆ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರದ ಒಂದೇ ಮಗ್ಗುಲನ್ನು ತೋರಿಸಿದಂತಾದೀತು. ಕಡಲು ಆಟದ ಬಯಲಲ್ಲ. 1984ರ ಜೂನ್ 3ರಂದು, ಬರ್ಮುಡಾ ದ್ವೀಪದ ಉತ್ತರಕ್ಕೆ, ಪಂದ್ಯದಲ್ಲಿದ್ದ 'ಮಾರ್ಕೆಸ್' ಎಂಬ ಹಾಯಿಹಡಗು ಹಠಾತ್ತಾಗಿ ಎದ್ದ ಬಿರುಗಾಳಿಗೆ ಸಿಕ್ಕಿ ಕ್ಷಣಾರ್ಧದಲ್ಲಿ ಮುಳುಗಿತು. ಹಡಗಿನಲ್ಲಿದ್ದ 28 ಜನರಲ್ಲಿ 19 ಮಂದಿ ಸತ್ತರು; ಅವರಲ್ಲಿ ಅನೇಕರು ಎಳೆಯರು. ಯಾವ ಆತ್ಮವಿಶ್ವಾಸದ ಲೆಕ್ಕವೂ ಆ ತಾಯಿತಂದೆಗಳ ದುಃಖವನ್ನು ಸರಿದೂಗಿಸಲಾರದು. 2010ರ ಫೆಬ್ರವರಿಯಲ್ಲಿ ಬ್ರೆಜಿಲ್ ದೇಶದಾಚೆಯ ಕಡಲಿನಲ್ಲಿ ಕೆನಡಾದ 'ಕಾನ್‌ಕಾರ್ಡಿಯಾ' ಎಂಬ ಶಾಲಾಹಡಗು ಮಗುಚಿಕೊಂಡಿತು. ಅದರಲ್ಲಿದ್ದವರು 64 ಜನ. 48 ಮಂದಿ ವಿದ್ಯಾರ್ಥಿಗಳು. ಹಡಗು ಬಿಟ್ಟಿಳಿಯುವ ಅಭ್ಯಾಸವನ್ನು ಅವರು ಮೊದಲೇ ಮಾಡಿದ್ದರು. ಆ ಅಭ್ಯಾಸದ ಬಲದಿಂದ ತೆಪ್ಪಗಳನ್ನೇರಿ, ಒಂದಿಡೀ ದಿನಕ್ಕಿಂತಲೂ ಹೆಚ್ಚು ಹೊತ್ತು ತೆರೆಗಳ ಮೇಲೆ ತೇಲಿ, ದಾರಿಹೋಕ ವಾಣಿಜ್ಯ ಹಡಗುಗಳ ನೆರವಿನಿಂದ 64 ಜನರೂ ಬದುಕಿ ಬಂದರು. ಗಾಳಿ ಹೆಚ್ಚಿದಾಗ ಸಕಾಲದಲ್ಲಿ ಹಾಯಿಯನ್ನು ತಗ್ಗಿಸಿದ್ದರೆ ಆ ಅನಾಹುತವೇ ತಪ್ಪುತ್ತಿತ್ತೆಂಬುದು ಮುಂದೆ ನಡೆದ ವಿಚಾರಣೆಯಿಂದ ತಿಳಿದುಬಂತು.

ಈ ಎರಡು ಘಟನೆಗಳನ್ನು ಜೊತೆಯಾಗಿಟ್ಟು ನೋಡಬೇಕು. ಎಳೆಯರಿಗೆ ಹೊಣೆ ಕೊಡುವುದೆಂದರೆ ಹಿರಿಯರು ತಮ್ಮ ಹೊಣೆಯನ್ನು ಕೆಳಗಿಡುವುದಲ್ಲ. ಹುಡುಗಿಯ ಕೈಗೆ ಚುಕ್ಕಾಣಿ ಕೊಟ್ಟ ಅಧಿಕಾರಿ ಮೋಡದ ಬಣ್ಣವನ್ನು ಅವಳಿಗಿಂತ ಹೆಚ್ಚು ಎಚ್ಚರದಿಂದ ನೋಡುತ್ತಿರಬೇಕು. ಮರ ಹತ್ತುವವರಿಗೆ ಸೊಂಟಪಟ್ಟಿ ಇರಬೇಕು. ಅದನ್ನು ಸಿಕ್ಕಿಸಿಕೊಂಡರೆಂಬುದನ್ನು ಖಚಿತಪಡಿಸಿಕೊಳ್ಳುವ ಕಣ್ಣಿರಬೇಕು. ಅಪಾಯವನ್ನು ಅರಿಯದವನ ಧೈರ್ಯ ಬರಿಯ ಅಜ್ಞಾನ. ಅಪಾಯವೇನೆಂದು ತಿಳಿದು, ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡು, ಅನಂತರ ಹೆಜ್ಜೆಯಿಡುವವನ ಧೈರ್ಯವನ್ನೇ ಕೆಚ್ಚೆನ್ನಬೇಕು. ಕಾನ್‌ಕಾರ್ಡಿಯಾದ ಮಕ್ಕಳನ್ನು ಉಳಿಸಿದ್ದು ಆ ಸಿದ್ಧತೆ.

ಇನ್ನೊಂದು ಸಂದೇಹವೂ ಸಹಜವಾದದ್ದೇ. ಎರಡು ವಾರದ ಯಾನದಿಂದ ಬಂದ ಧೈರ್ಯ ಮನೆಗೆ ಬಂದ ಮೇಲೆ ಎಷ್ಟು ದಿನ ಉಳಿದೀತು? ಇದಕ್ಕೆ ಉತ್ತರ ಹಡಗಿನಲ್ಲಿಲ್ಲ, ಮನೆಯಲ್ಲಿದೆ. ನಡುರಾತ್ರಿಯಲ್ಲಿ ನಲವತ್ತು ಜನರ ಪ್ರಾಣವನ್ನು ಕಾದು ಬಂದ ಹುಡುಗಿಗೆ ನಾವು ಮತ್ತೆ, 'ನಿನಗೆ ತಿಳಿಯುವುದಿಲ್ಲ, ಸುಮ್ಮನಿರು' ಎಂದರೆ ಕಡಲು ಕಲಿಸಿದ್ದನ್ನು ಅಂಗಳದಲ್ಲಿಯೇ ತೊಳೆದುಬಿಟ್ಟಂತೆ. ಹಣದ ಪ್ರಶ್ನೆಯೂ ಇದೆ. ಹಡಗು ನಡೆಸುವುದು ದುಬಾರಿಯ ಕೆಲಸ. ದಾನಿಗಳ ನೆರವಿಲ್ಲದೆ ಬಡವರ ಮಕ್ಕಳು ಅದನ್ನು ಏರಲಾರರು. ಸಿರಿವಂತರ ಮಕ್ಕಳ ರಜೆಯ ವಿನೋದವಾಗಿ ಅದು ಇಳಿದುಬಿಟ್ಟರೆ, ಕಾರ್ಖಾನೆಯ ಹುಡುಗನನ್ನೂ ಸಿರಿವಂತರ ಶಾಲೆಯ ಹುಡುಗನನ್ನೂ ಒಂದೇ ಹಗ್ಗಕ್ಕೆ ಹಚ್ಚಿದ ಹೋಲ್ಟ್ ಅವರ ಮೂಲ ಆಶಯಕ್ಕೇ ಕೊರತೆ ಬಂದಂತಾಗುತ್ತದೆ.

ನಮ್ಮ ದೇಶದಲ್ಲಿಯೂ ಇಂಥ ಹಡಗುಗಳಿಲ್ಲದೆ ಇಲ್ಲ. ಗೋವಾದ ಹಡಗುಕಟ್ಟೆಯಲ್ಲಿ ನಿರ್ಮಾಣವಾಗಿ 1997ರಲ್ಲಿ ನೌಕಾಪಡೆಗೆ ಸೇರಿದ 'ತರಂಗಿಣಿ' ಮೂರು ಕೂವೆಮರಗಳ ಹಾಯಿಹಡಗು. ನೌಕಾಪಡೆಗೆ ಸೇರುವ ತರುಣರಿಗೆ ಗಾಳಿ ಅಲೆಗಳ ಮೊದಲ ಪಾಠವಾಗುವುದು ಅಂಥ ಹಡಗಿನಲ್ಲಿ. 2003ರಲ್ಲಿ ಹೊರಟು 2004ರಲ್ಲಿ ಮರಳಿ ಅದು ಭೂಪ್ರದಕ್ಷಿಣೆಯನ್ನೂ ಮಾಡಿ ಬಂದಿದೆ. 2012ರಲ್ಲಿ 'ಸುದರ್ಶಿನಿ' ಅದಕ್ಕೆ ಜೊತೆಯಾಯಿತು. ಎನ್.ಸಿ.ಸಿ.ಯ ನೌಕಾ ವಿಭಾಗದ ವಿದ್ಯಾರ್ಥಿಗಳು ಹುಟ್ಟು ಹಾಯಿಗಳ ದೋಣಿಗಳಲ್ಲಿ ಹಲವು ದಿನಗಳ ಯಾನ ಕೈಗೊಳ್ಳುವುದುಂಟು. ನಮ್ಮ ಕರಾವಳಿಯ ಮೊಗವೀರರ ಮನೆಗಳಲ್ಲಂತೂ ಎಷ್ಟೋ ತಲೆಮಾರುಗಳಿಂದ ಹುಡುಗರು ತಂದೆಯ ದೋಣಿಯಲ್ಲಿಯೇ ಕಡಲನ್ನು ಓದಲು ಕಲಿತರು. ಅದಕ್ಕೆ ಯಾರೂ ವ್ಯಕ್ತಿತ್ವ ವಿಕಸನವೆಂದು ಹೆಸರಿಡಲಿಲ್ಲ. ಬಲೆ ಎಳೆಯಲು ಕೈ ಬೇಕಾಗಿತ್ತು, ಕೊಟ್ಟರು.

ನಮ್ಮ ಭಕ್ತಿಸಾಹಿತ್ಯದಲ್ಲಿ ದೋಣಿಯ ರೂಪಕ ಬಹಳ ಹಳೆಯದು. ಸಂಸಾರವೆಂಬ ಸಾಗರ, ದೇಹವೆಂಬ ದೋಣಿ, ದಾಟಿಸಬೇಕಾದ ಅಂಬಿಗ ದೇವರು. ಅಲ್ಲಿ ನಾವೆಲ್ಲ ಪ್ರಯಾಣಿಕರು. ನಮ್ಮ ಕೆಲಸ ಅಂಬಿಗನನ್ನು ನಂಬಿ ಕುಳಿತಿರುವುದು. ಆಧ್ಯಾತ್ಮದಲ್ಲಿ ಅದು ಸರಿಯಾದ ಭಾವವೇ. ಆದರೆ ಹುಟ್ಟು ಹಾಕುವ ಕಾಯಕವನ್ನೇ ಮಾಡುತ್ತಿದ್ದ ಚೌಡಯ್ಯನೂ ನಮ್ಮ ವಚನಕಾರರಲ್ಲೊಬ್ಬನೆಂಬುದನ್ನು ಮರೆಯಬಾರದು. ದಾಟುವವರ ಜೊತೆಗೆ ದಾಟಿಸುವವರೂ ಸಮಾಜಕ್ಕೆ ಬೇಕು. ನಾವು ನಮ್ಮ ಮಕ್ಕಳನ್ನು ಹದಿನೆಂಟು ಇಪ್ಪತ್ತರವರೆಗೂ ಪ್ರಯಾಣಿಕರನ್ನಾಗಿಯೇ ಕೂರಿಸಿರುತ್ತೇವೆ. ಬುತ್ತಿ ಕಟ್ಟಿಕೊಡುತ್ತೇವೆ, ದಾರಿ ಗೊತ್ತುಮಾಡುತ್ತೇವೆ, ಆಮೇಲೆ ಒಂದು ದಿನ ಹಠಾತ್ತನೆ ಚುಕ್ಕಾಣಿಯನ್ನು ಅವರ ಕೈಗಿತ್ತು, ಏಕೆ ನಡುಗುತ್ತೀಯೆಂದು ಕೇಳುತ್ತೇವೆ.

ಎಲ್ಲರ ಮಕ್ಕಳಿಗೂ ಹಾಯಿಹಡಗು ದೊರೆಯಲಾರದು. ಬಯಲುಸೀಮೆಯ ಹುಡುಗಿಯೊಬ್ಬಳು ಕಡಲನ್ನೇ ನೋಡದೆ ಬೆಳೆಯಬಹುದು. ಆದರೂ ಕಡಲ ಶಾಲೆ ಕಂಡುಕೊಂಡ ತತ್ತ್ವ ನಮ್ಮ ಊರುಕೇರಿಗಳಿಗೂ ಸಲ್ಲುತ್ತದೆ. ಹದಿಹರೆಯದವರ ಕೈಗೆ ನಿಜವಾದ ಒಂದು ಕೆಲಸವನ್ನು ಕೊಡಬೇಕು. ಅವರು ಮಾಡದಿದ್ದರೆ ನಿಜವಾಗಿಯೂ ಯಾರಿಗಾದರೂ ತೊಂದರೆಯಾಗುವಂಥ ಕೆಲಸವನ್ನು. ಅಜ್ಜಿಯ ಔಷಧಿಯ ಹೊತ್ತನ್ನು ನೋಡಿಕೊಳ್ಳುವುದಿರಬಹುದು, ಊರಿನ ಪುಸ್ತಕಭಂಡಾರದ ಬೀಗದ ಕೈಯಿರಬಹುದು, ತಮ್ಮತಂಗಿಯರನ್ನು ಪರವೂರಿಗೆ ಕರೆದುಕೊಂಡು ಹೋಗಿ ಬರುವುದಿರಬಹುದು. ಮೊದಲು ಕಲಿಸಬೇಕು, ಕೆಲವು ದಿನ ಹತ್ತಿರ ನಿಂತು ನೋಡಬೇಕು. ಆಮೇಲೆ ಹಡಗಿನ ಜನ ಮಲಗುವಂತೆ ನಾವೂ ನೆಮ್ಮದಿಯಿಂದ ಮಲಗಬೇಕು. ಹಾಗೆ ಮಲಗುವುದು ತಾಯಿತಂದೆಗಳಿಗೆ ಸುಲಭವಲ್ಲ. ಮಕ್ಕಳು ಧೈರ್ಯ ಕಲಿಯಬೇಕಾದರೆ ಮೊದಲು ನಾವು ಅಷ್ಟು ಧೈರ್ಯವನ್ನು ಕಲಿಯಬೇಕಾಗಿದೆ.